ಒಂದು ಜೋಡಿ, ಎರಡು ಕುಸ್ವಾರ್

ಟಿಕೆಟ್ ಬುಕ್ ಆಯ್ತಾ? ಅಯ್ಯೋ ಗಾಬರಿ ಬೇಡ, ಸುಮ್ಮನೆ ಕೇಳಿದ್ದು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ಒಟ್ಟಿಗೆ ಮೊದಲ ಕ್ರಿಸ್ಮಸ್. ಹುಡುಗ ಮಂಗಳೂರಿನ ಬಿಜೈಯವ, ಹುಡುಗಿ ಬೆಂಗಳೂರಿನ ಫ್ರೇಜರ್ ಟೌನಿನವಳು, ಇಬ್ಬರಿಗೂ ಕೆಲಸ ಬೆಂಗಳೂರಲ್ಲೇ. ಟಿಕೆಟ್ ಅಂದ ಕೂಡಲೇ ಒಬ್ಬರು ಫ್ಯಾನ್ ನೋಡಿದಿರಿ, ಇನ್ನೊಬ್ಬರು ಮೊಬೈಲ್ ನೋಡಿದಿರಿ. ಸಾಕು, ನನಗೆ ಗೊತ್ತಾಯ್ತು.

ಕ್ರಿಸ್ಮಸ್ ರಗಳೆ ಡಿಸೆಂಬರಿನಲ್ಲಿ ಶುರುವಾಗ್ತದೆ ಅಂತ ಮದುವೆಯಾಗದವರು ಮಾತ್ರ ನಂಬುವುದು. ರೈಲ್ವೆಯವರು 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗನ್ನು 120 ದಿನದಿಂದ 60ಕ್ಕೆ ಇಳಿಸಿದ್ದಾರಲ್ಲ, ಲೆಕ್ಕ ಹಾಕಿ ನೋಡಿ. ಡಿಸೆಂಬರ್ 23ರ ರೈಲಿಗೆ ಅಕ್ಟೋಬರ್ 24ರ ಬೆಳಿಗ್ಗೆಯೇ ಮೊಬೈಲ್ ಹಿಡಿದು ಕೂರಬೇಕು. ಅಂದರೆ ಈ ಸಲ ಯಾರ ಮನೆ ಅನ್ನುವುದು ಅದರ ಹಿಂದಿನ ರಾತ್ರಿಯೇ ಇತ್ಯರ್ಥ ಆಗಬೇಕು. (120 ದಿನ ಇದ್ದಾಗ ಈ ಜಗಳ ಆಗಸ್ಟಿನಲ್ಲೇ ಮುಗಿದುಬಿಡುತ್ತಿತ್ತು. ರೈಲ್ವೆಯವರು ಎರಡು ತಿಂಗಳ ಶಾಂತಿ ದಯಪಾಲಿಸಿದ್ದಾರೆ, ಒಂದು ಥ್ಯಾಂಕ್ಸ್ ಹೇಳಿ.)

ಇದನ್ನೆಲ್ಲ ಕೇಳ್ಲಿಕ್ಕೆ ನೀನ್ಯಾರು ಅಂತೀರಾ? ನಾನು ಬಿಜೈಯಲ್ಲಿ ಹುಡುಗನ ಪಕ್ಕದ ಮನೆಯವಳು ಮಾರಾಯ್ರೆ. ಕ್ರಿಸ್ಮಸ್ ನಮ್ಮ ಮನೆ ಹಬ್ಬ ಅಲ್ಲ, ಆದರೆ ಕ್ರಿಸ್ಮಸ್ಸಿನ ತಟ್ಟೆ ನಮ್ಮ ಮನೆಗೂ ಬರ್ತದೆ. ಬಟ್ಟೆ ಮುಚ್ಚಿದ ಆ ಕುಸ್ವಾರಿನ ತಟ್ಟೆಯಲ್ಲಿ ಏನುಂಟು, ಏನಿಲ್ಲ ಅಂತ ನೋಡಿದರೆ ಸಾಕು, ಆಚೆ ಮನೆಯ ಸಂಸಾರ ಹೇಗೆ ನಡೀತಾ ಉಂಟು ಅಂತ ಕೂತಲ್ಲೇ ಹೇಳಬಹುದು. ಇದು ಬೀದಿಯ ಹಕ್ಕು. ಯಾರೂ ಕಿತ್ತುಕೊಳ್ಳುವ ಹಾಗಿಲ್ಲ.

ಅದಿರಲಿ, ನಿಮ್ಮ ಮದುವೆ ಯಾವ ತಿಂಗಳಲ್ಲಿ? ಕ್ರಿಸ್ಮಸ್ಸಿಗೆ ಮುಂಚೆ ನಾಲ್ಕು ಭಾನುವಾರಗಳ ಆಗಮನ ಕಾಲ ಅಂತ ಉಂಟಲ್ಲ, ಆಗ ಕರಾವಳಿಯ ಕಥೋಲಿಕರಲ್ಲಿ ಮದುವೆ ಇಟ್ಟುಕೊಳ್ಳುವ ಪದ್ಧತಿ ಇಲ್ಲ. ಹಾಗಾಗಿ ನವೆಂಬರ್ ಕೊನೆಯವರೆಗೆ ಹಾಲುಗಳಲ್ಲಿ ಬ್ಯಾಂಡೋ ಬ್ಯಾಂಡು, ಆಮೇಲೆ ಗಪ್‌ಚುಪ್. ಡಿಸೆಂಬರ್ 26 ಆಯಿತೋ, ಮತ್ತೆ ಶುರು. ಗಲ್ಫಿನವರ ರಜೆಯೂ ಆಗಲೇ. ಜನವರಿ ಮುಗಿಯುವವರೆಗೆ ಬ್ಯಾಂಡಿನವರಿಗೆ ಉಸಿರು ಬಿಡಲಿಕ್ಕೆ ಪುರುಸೊತ್ತಿಲ್ಲ (ಅವರ ಕೆಲಸವೇ ಊದುವುದು, ಆ ಮಾತು ಬೇರೆ).

ಹೀಗಾಗಿ ಹೊಸ ಜೋಡಿಗಳಲ್ಲಿ ಎರಡು ನಮೂನೆ. ನವೆಂಬರಿನಲ್ಲಿ ಮದುವೆಯಾದವರು, ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದ ತೆಂಗಿನ ಹಾಲು ಇನ್ನೂ ಕಿವಿಯ ಹಿಂದೆ ಒಣಗಿರದವರು. ಇವರದ್ದು ‘ನೀನು ಹೇಳು’, ‘ಇಲ್ಲ, ನೀನೇ ಹೇಳು’. ಕಳೆದ ಜನವರಿಯಲ್ಲಿ ಆದವರು ಇನ್ನೊಂದು ನಮೂನೆ. ಹನ್ನೊಂದು ತಿಂಗಳ ಅನುಭವಸ್ಥರು, ಸೆಪ್ಟೆಂಬರ್ 8ರ ತೆನೆ ಹಬ್ಬ ಮೊಂತಿ ಫೆಸ್ತ್‌ನಲ್ಲಿ ಬಾಳೆಲೆ ಹಾಕಿ ತರಕಾರಿ ಊಟ ಉಂಡು ರಿಹರ್ಸಲ್ ಮಾಡಿಕೊಂಡವರು. ಇವರದ್ದು ಒಂದೇ ಮಾತು: ‘ನಿನ್ನಿಷ್ಟ.’ ಈ ‘ನಿನ್ನಿಷ್ಟ’ ಕೇಳಿ ಖುಷಿಯಾಗಿ ಟಿಕೆಟ್ ಬುಕ್ ಮಾಡಿದ ಹುಡುಗರೇ, ದೇವರು ನಿಮ್ಮನ್ನು ಕಾಪಾಡಲಿ.

ಏನು, ಕ್ರಿಸ್ಮಸ್ ಆಚರಿಸದ ಓದುಗರು ಆ ಕಡೆ ಕೂತು ನಗ್ತಾ ಇದ್ದೀರಾ? ನಗಿ ನಗಿ. ನಿಮ್ಮದು ಸುಲಭ. ಮದುವೆಯಾದ ಮೊದಲ ದೀಪಾವಳಿ ಹುಡುಗಿಯ ತವರಲ್ಲಿ, ಅಳಿಯನಿಗೆ ಎಣ್ಣೆ ಸ್ನಾನ, ಹೊಸ ಬಟ್ಟೆ, ಕೈಗೊಂದು ಉಂಗುರವೋ ವಾಚೋ. ಹಿರಿಯರು ಮೊದಲೇ ಬರೆದಿಟ್ಟ ಪಂಚಾಯ್ತಿ ಅದು, ಯಾರೂ ಚೌಕಾಸಿ ಮಾಡುವ ಹಾಗಿಲ್ಲ. (ಉಂಗುರ ಸಣ್ಣದಾಯ್ತು ಅಂತ ಮೂರು ವರ್ಷ ಮುಖ ಊದಿಸಿದ ಅಳಿಯಂದಿರ ಹೆಸರು ನಾನು ಹೇಳುವುದಿಲ್ಲ. ಅವರಿಗೇ ಗೊತ್ತು.)

ಕ್ರಿಸ್ಮಸ್ಸಿಗೆ ಅಂಥ ಕಟ್ಟುಪಾಡು ಇಲ್ಲ. ವಾಡಿಕೆಗೆ ಹುಡುಗನ ಮನೆ ಅಂತಾರೆ, ಆದರೆ ಹುಡುಗಿಯ ಅಮ್ಮ ಫೋನಿನಲ್ಲಿ ‘ನಮಗೇನಮ್ಮಾ, ನಾವಿಬ್ಬರೇ ಹೇಗೋ ಮಾಡ್ಕೋತೀವಿ’ ಅಂದ ಮೇಲೆ ಯಾವ ವಾಡಿಕೆ ನಿಲ್ಲುತ್ತದೆ ಹೇಳಿ? ಆಗ ಒಪ್ಪಂದ ಹುಟ್ಟುತ್ತದೆ. 25 ಅಲ್ಲಿ, ಹೊಸ ವರ್ಷ ಇಲ್ಲಿ, ಮುಂದಿನ ವರ್ಷ ಉಲ್ಟಾ. ಟಿಕೆಟ್ ಬುಕ್ ಆದ ಮೇಲೂ ನಾಲ್ಕು ಭಾನುವಾರದ ಆಗಮನ ಕಾಲವನ್ನು ನೀವು ಕಳೆಯುವುದು ಈ ಸಂಧಾನದಲ್ಲೇ. ಆಗಮನ ಯಾರದ್ದು, ಎಲ್ಲಿಗೆ ಅನ್ನುವುದೇ ತಾನೆ ಇಲ್ಲಿ ಪ್ರಶ್ನೆ!

ಬಿಡಿ, ಬಿಜೈ ಗೆದ್ದಿತು ಅಂತ ಇಟ್ಟುಕೊಳ್ಳೋಣ. (ನನ್ನ ಸ್ವಾರ್ಥ. ನೀವು ಬಂದರೆ ತಟ್ಟೆ ದೊಡ್ಡದಾಗ್ತದೆ.) ರೈಲು ಘಟ್ಟ ಇಳಿದು ಬೆಳಿಗ್ಗೆ ಮನೆ ಮುಟ್ಟುವ ಹೊತ್ತಿಗೆ ಅಡುಗೆಮನೆಯಲ್ಲಿ ಬಾಣಲೆ ಕಾದಿರುತ್ತದೆ. ಅತ್ತೆ ಬಾಗಿಲಲ್ಲೇ ನಿಂತು ‘ಬಾ ಬಾ, ಸುಸ್ತಾಯ್ತಾ, ಸ್ವಲ್ಪ ಮಲಕ್ಕೋ’ ಅಂತಾರೆ. ಹುಡುಗೀ, ಕಿವಿಯಲ್ಲಿ ಒಂದು ಮಾತು: ಮಲಗಬೇಡಿ. ಮಲಗಿದರೆ ಅದನ್ನು ಯಾರೂ ಈಗ ಹೇಳುವುದಿಲ್ಲ. ಮೂವತ್ತು ವರ್ಷದ ನಂತರ, ನಿಮ್ಮ ಸೊಸೆಯ ಎದುರಿಗೆ ಹೇಳ್ತಾರೆ.

ಈಗ ಕುಸ್ವಾರ್. ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡ್ತೇನೆ. ಕ್ರಿಸ್ಮಸ್ಸಿಗೆ ಮಾಡಿ ಡಬ್ಬ ತುಂಬಿಸಿ ಬಂಧುಬಳಗಕ್ಕೆ, ನೆರೆಕರೆಗೆ ಹಂಚುವ ತಿಂಡಿಗಳ ಒಟ್ಟು ಸಂಸಾರ ಅದು. ಎಳ್ಳು, ಕೊಬ್ಬರಿ, ಸಕ್ಕರೆ, ಗೇರುಬೀಜ ತುಂಬಿದ ನೆವ್ರಿ. ಸಕ್ಕರೆ ಪಾಕ ಹೊದ್ದ ಕಿಡಿಯೊ. ಅಕ್ಕಿಹಿಟ್ಟು, ತೆಂಗಿನ ಹಾಲಿನ ಗೋಲಿಗಾತ್ರದ ಗುಲಿಯೊ. ಕಬ್ಬಿಣದ ಅಚ್ಚಿನಲ್ಲಿ ಅರಳುವ ಕುಕ್ಕಿಸಾಂ. ಜತೆಗೆ ತುಕ್ಡಿ, ಚಕ್ಕುಲಿ, ಅಕ್ಕಿ ಲಾಡು, ಬಾಳೆಹಣ್ಣಿನ ಹಲ್ವ, ತುಂಡು ಕೇಕು.

ನೆವ್ರಿ ಕಂಡ ಕೂಡಲೇ ಘಟ್ಟದ ಮೇಲಿನ ನೀವು ‘ಓ, ಇದು ನಮ್ಮ ಕರ್ಜಿಕಾಯಿ ಅಲ್ವಾ’ ಅಂತ ಬಾಯಿ ಬಿಡಬೇಡಿ. ತುಕ್ಡಿ ಕಂಡು ‘ಶಂಕರಪೋಳಿ’ ಅನ್ನಬೇಡಿ. ಅನ್ನಿಸಿದ್ದೇನೋ ಸರಿ, ಆದರೆ ಸತ್ಯ ಹೇಳುವುದಕ್ಕೆ ವರ್ಷದಲ್ಲಿ ಬೇರೆ ದಿನಗಳಿವೆ. ಹೋದ ಸಲ ಬೀದಿಯ ಒಬ್ಬ ಹೊಸ ಅಳಿಯ ಹಾಗಂದು, ಉಳಿದ ರಜೆಯೆಲ್ಲ ಬಾವಿಕಟ್ಟೆಯ ಹತ್ತಿರ ಕೂತು ಮೊಬೈಲ್ ನೋಡಬೇಕಾಯ್ತು.

ದೊಡ್ಡ ಯುದ್ಧ ನಡೆಯುವುದು ಕಿಡಿಯೊ ಮೇಲೆ. ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೋ ಬಾಚಣಿಗೆಗೋ ಒತ್ತಿ ಸುರುಳಿ ಸುತ್ತಬೇಕು. (ಹೊಸ ಬಾಚಣಿಗೆ! ಕ್ರಿಸ್ಮಸ್ಸಿಗೆಂದೇ ತಂದು, ತೊಳೆದು, ಬೀರುವಿನಲ್ಲಿ ಬೀಗ ಹಾಕಿ ಇಡುವ ಮನೆಗಳುಂಟು. ಮಾವ ಮರೆತು ಅದರಲ್ಲೇ ತಲೆ ಬಾಚಿಕೊಂಡ ಮನೆಯೂ ಉಂಟು.) ಹುಡುಗಿ ನೋಡಿ, ‘ಅಯ್ಯೋ, ಇದು ಕಲ್‌ಕಲ್! ನಮ್ಮಲ್ಲೂ ಮಾಡ್ತೀವಿ’ ಅಂತಾಳೆ. ಹುಡುಗ, ‘ಅದು ಬೇರೆ, ಇದು ಕಿಡಿಯೊ’ ಅಂತಾನೆ.

ಬೇರೆಯಾ? ಅದೇ ಮೈದಾ, ಅದೇ ತೆಂಗಿನ ಹಾಲು, ಅದೇ ಮೊಟ್ಟೆ, ಅದೇ ಎಣ್ಣೆ, ಅದೇ ಸುರುಳಿ. ಕುಕ್ಕಿಸಾಂ ಕೂಡ ಹಾಗೇ. ಫ್ರೇಜರ್ ಟೌನಿನಲ್ಲಿ ಅದು ರೋಸ್ ಕುಕ್ಕಿ ಅಂತ ತಟ್ಟೆಯಲ್ಲಿ ಕೂತಿರ್ತದೆ. ಆದರೂ ನೀವಿಬ್ಬರೂ ಅರ್ಧ ಗಂಟೆ ವಾದ ಮಾಡ್ತೀರಿ. ‘ನಮ್ಮಮ್ಮ ಪಾಕ ತೆಳ್ಳಗೆ ಮಾಡ್ತಾರೆ.’ ‘ನಮ್ಮಲ್ಲಿ ಪಾಕ ಬೆಳ್ಳಗೆ ಅಂಟಿಕೊಂಡಿರಬೇಕು.’ ‘ನಮ್ಮಮ್ಮ ಇಷ್ಟು ದಪ್ಪ ಸುತ್ತುವುದಿಲ್ಲ.’ ಕೈಯಲ್ಲಿರುವ ಹಿಟ್ಟು ಒಂದೇ, ಬಾಯಲ್ಲಿರುವ ಅಮ್ಮ ಮಾತ್ರ ಬೇರೆ ಬೇರೆ.

ಈಗ ನಿಮ್ಮನ್ನೇ ಒಂದು ಕೇಳ್ತೇನೆ, ಸಿಟ್ಟಾಗಬೇಡಿ. ಮದುವೆಗೆ ಮುಂಚೆ ನೀವು ಎಷ್ಟು ಕಿಡಿಯೊ ಸುತ್ತಿದ್ದಿರಿ? ಅಮ್ಮ ಕರೆದಾಗಲೆಲ್ಲ ‘ಬಂದೆ ಬಂದೆ’ ಅಂತ ಟಿವಿ ಎದುರಿಂದ ಏಳದವರು ನೀವಲ್ವಾ? ಡಬ್ಬ ತುಂಬಿದ ಮೇಲೆ ಕೈ ಹಾಕಿದವರು ನೀವಲ್ವಾ? ಈಗ ನೋಡಿದರೆ ಪಾಕದ ಹದದ ಬಗ್ಗೆ ಭಾಷಣ! ತವರಿನ ರುಚಿ ಅನ್ನುವ ವಿಷಯದಲ್ಲಿ ಪಂಡಿತರಾಗಲಿಕ್ಕೆ ತವರಲ್ಲಿ ಕೆಲಸ ಮಾಡಿರಬೇಕಾಗಿಲ್ಲ, ಊರು ಬಿಟ್ಟಿದ್ದರೆ ಸಾಕು.

ಹುಡುಗರು ತಪ್ಪಿಸಿಕೊಂಡೆವು ಅಂದುಕೊಳ್ಳಬೇಡಿ. ನಿಮಗೆ ಕುಕ್ಕಿಸಾಂ ಅಚ್ಚು ಕೊಡ್ತಾರೆ. ಅಚ್ಚು ಮೊದಲು ಎಣ್ಣೆಯಲ್ಲೇ ಚೆನ್ನಾಗಿ ಕಾಯಬೇಕು. ಆಮೇಲೆ ಹಿಟ್ಟಿಗೆ ಅದ್ದುವಾಗ ಮುಕ್ಕಾಲು ಮಾತ್ರ ಮುಳುಗಬೇಕು, ಮೇಲಿನ ಅಂಚು ದಾಟಿದರೆ ಹೂವು ಅಚ್ಚನ್ನು ಬಿಡುವುದೇ ಇಲ್ಲ. ಐಟಿ ಕಂಪನಿಯಲ್ಲಿ ಟೀಮ್ ಲೀಡ್ ಆಗಿರುವ ಹುಡುಗ ಚಾಕುವಿನ ತುದಿಯಲ್ಲಿ ಕುಕ್ಕಿಸಾಂ ಕೆರೆಯುತ್ತಾ ಬೆವರುವುದನ್ನು ನಮ್ಮ ಕಿಟಕಿಯಿಂದ ನೋಡಲಿಕ್ಕೆ ಎಂಥ ಗಮ್ಮತ್ತು ಅಂತೀರಿ!

ಮೊದಲಿನ ನಾಲ್ಕೈದು ಹೂ ಮುರಿದೇ ಮುರೀತದೆ, ಅದಕ್ಕೆ ಮಂಡೆಬಿಸಿ ಬೇಡ. ಮುರಿದದ್ದು ಮಕ್ಕಳಿಗೆ. (ಮಕ್ಕಳಿಲ್ಲದ ಮನೆಯಲ್ಲಿ ಮಾವನಿಗೆ.) ಗುಲಿಯೊ ಮಾತ್ರ ಹುಷಾರು. ಅಕ್ಕಿಹಿಟ್ಟಿನ ಉಂಡೆ ಸರಿಯಾಗಿ ಹದವಾಗದಿದ್ದರೆ ಕಾದ ಎಣ್ಣೆಯಲ್ಲಿ ಟಪ್ ಅಂತ ಸಿಡೀತದೆ. ಆಗ ಅತ್ತೆ ಸೊಸೆ ಇಬ್ಬರೂ ಒಂದೇ ಸಲ ಹಿಂದೆ ಹಾರಿ, ಒಬ್ಬರನ್ನೊಬ್ಬರು ಹಿಡಿದುಕೊಂಡು ಬೊಬ್ಬೆ ಹೊಡೆದು, ಮತ್ತೆ ಬಿದ್ದು ಬಿದ್ದು ನಗುತ್ತಾರೆ. ನನ್ನ ಕೇಳಿದರೆ, ನಾಮಕರಣದ ಹೊತ್ತಿನವರೆಗೆ ಎಳೆಯುತ್ತಿದ್ದ ಬಿಗುಮಾನ ಆ ಒಂದು ಗುಲಿಯೊದಲ್ಲಿ ಮುಗಿಯುತ್ತದೆ.

ಹಾಂ, ‘ನಾವು ಈ ವರ್ಷ ಕುಸ್ವಾರ್ ಆರ್ಡರ್ ಮಾಡಿದ್ವಿ’ ಅನ್ನುವವರೂ ಇದ್ದೀರಿ. ತಪ್ಪೇನಿಲ್ಲ, ಮಂಗಳೂರಿನ ಬೇಕರಿಗಳಲ್ಲಿ ಡಿಸೆಂಬರಿನಲ್ಲಿ ಕಿಲೋ ಲೆಕ್ಕದಲ್ಲಿ ಸಿಗ್ತದೆ, ಮನೆಯಲ್ಲೇ ಮಾಡಿ ಮಾರುವ ಹೆಂಗಸರೂ ಇದ್ದಾರೆ. ಆದರೆ ಬಾಕ್ಸಿನದ್ದನ್ನು ಅಮ್ಮನ ಸ್ಟೀಲ್ ಡಬ್ಬಕ್ಕೆ ಸುರಿದು, ಮನೆಯದ್ದೇ ಅನ್ನಿಸಲಿ ಅಂತ ಒಂದೆರಡರ ಮೂಲೆ ಮುರಿದು ಇಡುವವರು ಯಾರು ಹೇಳಿ? ನಾನಂತೂ ಕಂಡುಹಿಡಿಯುತ್ತೇನೆ. ಎಲ್ಲ ನೆವ್ರಿಯೂ ಒಂದೇ ಅಳತೆ ಇದ್ದರೆ ಅದು ಯಾವ ಅಮ್ಮನ ಕೈಯೂ ಅಲ್ಲ.

ಕೇಕಿನ ವಿಷಯದಲ್ಲಿ ಮಾತ್ರ ಬೆಂಗಳೂರಿನವಳಿಗೆ ಬೆನ್ನು ನೆಟ್ಟಗಾಗುತ್ತದೆ. ಡಿಸೆಂಬರ್ ಬಂತೆಂದರೆ ಅರಮನೆ, ದೇವಾಲಯಗಳನ್ನೇ ಸಕ್ಕರೆಯಲ್ಲಿ ಕಟ್ಟಿ ನಿಲ್ಲಿಸುವ ಕೇಕ್ ಶೋ ನೋಡಿ ಬೆಳೆದವಳು ಅವಳು. ‘ಪ್ಲಮ್ ಕೇಕ್ ನಾನೇ ಮಾಡ್ತೀನಿ’ ಅಂತ ಫೋನಿನಲ್ಲೇ ಘೋಷಿಸಿರ್ತಾಳೆ. ‘ಹಣ್ಣು ರಮ್ಮಿನಲ್ಲಿ ನೆನೆಸಿ ಎಷ್ಟು ದಿನವಾಯ್ತು?’ ಅಂತ ನಾದಿನಿ ಕೇಳಿದರೆ ಉತ್ತರ ‘ಸೆಪ್ಟೆಂಬರಿನಲ್ಲೇ’. (ಡಿಸೆಂಬರ್ 15, ರಾತ್ರಿ ಹತ್ತೂವರೆ. ಗಂಡನಿಗೆ ಗೊತ್ತು, ಬಾಟಲಿ ತಂದವನೇ ಅವನು. ಬಾಟಲಿಯಲ್ಲಿ ಉಳಿದದ್ದು ಎಲ್ಲಿ ಹೋಯ್ತು ಅಂತ ಅವಳಿಗೂ ಗೊತ್ತು. ಹಾಗಾಗಿ ಇಬ್ಬರೂ ಬಾಯಿ ಬಿಡುವುದಿಲ್ಲ.)

ಆ ಕೇಕಿನಲ್ಲಿ ಹಾಕುವ ಕೆಂಪು ಹಸಿರು ಟುಟಿ ಫ್ರುಟಿ ಉಂಟಲ್ಲ, ಅದೆಲ್ಲ ಪಪ್ಪಾಯಿ ಕಾಯಿ ಅಂತ ಗೊತ್ತಾದ ದಿನ ಎಷ್ಟು ಹುಡುಗರ ಮನಸ್ಸು ಒಡೆದಿದೆಯೋ. ಇನ್ನು ಬಣ್ಣಕ್ಕೆ ಸಕ್ಕರೆ ಸುಡುವ ಕೆಲಸ. ಕಪ್ಪಾಗುವವರೆಗೆ ಸುಡಬೇಕು, ಕರಟಿ ಕಹಿಯಾಗುವ ಮುಂಚೆ ಬಿಸಿನೀರು ಹಾಕಬೇಕು. ನಡುವೆ ಇರುವುದು ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು. ಅಷ್ಟರಲ್ಲಿ ನೀವು ಇನ್‌ಸ್ಟಾಗ್ರಾಮಿಗೆ ಒಂದು ವಿಡಿಯೋ ಹಿಡಿಯಲಿಕ್ಕೆ ಹೋದಿರಿ, ನೋಡಿ. ಅತ್ತೆಯ ಬಾಣಲೆ ಹೋಯ್ತು.

ರೆಸಿಪಿ ತಪ್ಪಿತು ಅಂತ ಅಳಬೇಡಿ. 1883ರಲ್ಲಿ ತಲಶ್ಶೇರಿಯ ಮಾಂಬಳ್ಳಿ ಬಾಪು ಅನ್ನುವ ಬಿಸ್ಕತ್ತಿನ ಯಜಮಾನರಿಗೆ ಮರ್ಡಾಕ್ ಬ್ರೌನ್ ಅನ್ನುವ ತೋಟದ ಸಾಹೇಬ ಇಂಗ್ಲೆಂಡಿನ ಪ್ಲಮ್ ಕೇಕ್ ತೋರಿಸಿ, ಇಂಥದ್ದೇ ಬೇಕು ಅಂದನಂತೆ. ಸಾಹೇಬ ಹೇಳಿದ್ದು ಫ್ರೆಂಚ್ ಬ್ರಾಂಡಿ. ಬಾಪು ಹಾಕಿದ್ದು ಊರಿನ ಗೇರುಹಣ್ಣು, ಬಾಳೆಹಣ್ಣು ಹುದುಗಿಸಿದ ರಸ. ಸಾಹೇಬ ತಿಂದು, ಇನ್ನೂ ಒಂದು ಡಜನ್ ಮಾಡಿಕೊಡು ಅಂದನಂತೆ. ಭಾರತದ ಮೊದಲ ಕ್ರಿಸ್ಮಸ್ ಕೇಕು ಅದೇ ಅಂತ ತಲಶ್ಶೇರಿಯವರು ಇವತ್ತಿಗೂ ಹೆಮ್ಮೆಯಿಂದ ಹೇಳ್ತಾರೆ. ಆ ಸಾಹೇಬ ‘ನಮ್ಮಲ್ಲಿ ಹೀಗಲ್ಲ’ ಅಂತ ತಟ್ಟೆ ಸರಿಸಿದ್ದರೆ ಎಂತ ಗತಿ? ಕೇಳಿಸಿತಾ ಬಿಜೈ ಹುಡುಗ?

ಬಾಲಯೇಸುವಿನ ಗೋದಲಿಗೆ ಬರೋಣ. ಇದು ಗಂಡಸರ ಇಲಾಖೆ. ವರ್ಷವಿಡೀ ಒಂದು ಬಲ್ಬು ಬದಲಾಯಿಸದವರು ಡಿಸೆಂಬರ್ ಎರಡನೇ ವಾರದಲ್ಲಿ ವಿಶ್ವೇಶ್ವರಯ್ಯನವರ ಶಿಷ್ಯರಾಗ್ತಾರೆ. ಗೋದಲಿಯ ಗುಡ್ಡಕ್ಕೆ ಹಸಿರು ಬೇಕಲ್ಲ, ಮಾವ ಹತ್ತು ಹದಿನೈದು ದಿನ ಮುಂಚೆಯೇ ಹಳೆ ಡಬ್ಬಿಗಳಲ್ಲಿ ರಾಗಿ, ಭತ್ತ ಬಿತ್ತಿ ಪೈರು ಬರಿಸಿರ್ತಾರೆ. ಹೊಸ ಸೊಸೆ ‘ವಾವ್ ಅಂಕಲ್, ಮೈಕ್ರೋಗ್ರೀನ್ಸ್!’ ಅಂದಾಗ ಅವರ ಮುಖ ನೋಡಬೇಕಿತ್ತು.

ಮಗ ಬೆಂಗಳೂರಿನಿಂದ ಆನ್‌ಲೈನ್‌ನಲ್ಲಿ ತರಿಸಿದ ಸಣ್ಣ ಪಂಪು ತಂದಿರ್ತಾನೆ. ಈ ಸಲ ಜಲಪಾತ! ನೀರು ಗುಡ್ಡದಿಂದ ಇಳಿದು, ಕುರಿಗಳನ್ನು ತೇಲಿಸಿ, ದನದ ಹಟ್ಟಿಗೆ ನುಗ್ಗಿ, ಸೀರಿಯಲ್ ಸೆಟ್ಟಿನ ವಯರಿಗೆ ತಾಗಿ ಇಡೀ ಮನೆ ಕತ್ತಲಾದ ಮೇಲೆ ಪಂಪು ಪುನಃ ಬಾಕ್ಸಿಗೆ. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಗೋದಲಿ ಮಾಡಿದಾಗ ಅಲ್ಲಿದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಜಲಪಾತದ ಸುದ್ದಿ ಎಲ್ಲೂ ಇಲ್ಲ, ನಾನು ವಿಚಾರಿಸಿದ್ದೇನೆ.

ಹುಡುಗಿಗೆ ಟ್ರೀ ಬೇಕು. ಫ್ರೇಜರ್ ಟೌನಿನ ಮನೆಯಲ್ಲಿ ಐದಡಿಯ ಪ್ಲಾಸ್ಟಿಕ್ ಟ್ರೀ ಅಟ್ಟದಿಂದ ಇಳಿಯುತ್ತಿತ್ತು. ಇಲ್ಲಿ ಮಾವ ಗಾಳಿಮರದ ಕೊಂಬೆ ಕಡಿದು ತಂದು ಮರಳು ತುಂಬಿದ ಬಕೆಟಿಗೆ ಊರಿದ್ದಾರೆ. ಅದು ಬಾಗಿಲ ಕಡೆಗೆ ವಾಲಿಕೊಂಡು ಬಂದವರಿಗೆಲ್ಲ ನಮಸ್ಕಾರ ಮಾಡ್ತಾ ಉಂಟು. ‘ಒರಿಜಿನಲ್ ಟ್ರೀ’ ಅಂತ ಹುಡುಗನ ಹೆಮ್ಮೆ. ಅವಳು ಏನೂ ಹೇಳದೆ ಅದರ ಮೇಲೆ ಹತ್ತಿ ಅಂಟಿಸುತ್ತಾಳೆ. ಮಂಗಳೂರಿನ ಡಿಸೆಂಬರ್ ಸೆಕೆಯಲ್ಲಿ ಹಿಮ! ಅಂಟಿಸುವವಳ ಹಣೆಯಿಂದ ಬೆವರು ಇಳೀತಾ ಉಂಟು. ನಗಬೇಡಿ ಅಂತ ಹೇಳುವಷ್ಟರಲ್ಲಿ ನಕ್ಕೇಬಿಟ್ಟಿರಿ.

ಉಡುಗೊರೆ ವಿಷಯ ಚಿಕ್ಕದಾಗಿ ಮುಗಿಸ್ತೇನೆ, ಯಾಕೆಂದರೆ ಇಲ್ಲಿ ಬುದ್ಧಿ ಹೇಳಿ ಪ್ರಯೋಜನ ಇಲ್ಲ. ‘ನನಗೆ ಏನೂ ಬೇಡ’ ಅಂತ ಅವಳು ಹೇಳಿದಳು. ನೀವು ನಂಬಿದಿರಿ. ಮುಗೀತು. ಏನೂ ಬೇಡ ಅಂದವಳು ನಿಮಗಾಗಿ ನವೆಂಬರಿನಲ್ಲೇ ವಾಚು ತೆಗೆದು ಪೆಟ್ಟಿಗೆಯ ಸೀರೆ ಮಡಿಕೆಯಲ್ಲಿ ಅಡಗಿಸಿಟ್ಟಿರುತ್ತಾಳೆ. ನೀವು 24ರ ಸಂಜೆ ಹಂಪನಕಟ್ಟೆಯಲ್ಲಿ ಪಾರ್ಕಿಂಗ್ ಸಿಗದೆ ಸುತ್ತುತ್ತಿರ್ತೀರಿ. ಕೊನೆಗೆ ತರುವುದೇನು? ಪರ್ಫ್ಯೂಮ್. ಯಾವಾಗಲೂ ಪರ್ಫ್ಯೂಮ್. (ಹೋದ ಸಲ ನೀವು ತಂದದ್ದು ಅವಳ ಅಣ್ಣ ಹಾಕಿಕೊಳ್ತಾ ಇದ್ದಾನೆ, ಗಮನಿಸಿದಿರಾ?)

24ರ ರಾತ್ರಿಯ ಬಲಿಪೂಜೆ. ಹೆಸರಿಗೆ ಮಧ್ಯರಾತ್ರಿಯದ್ದು, ಆದರೆ ಈಗ ಎಷ್ಟೋ ಚರ್ಚುಗಳಲ್ಲಿ ಸಂಜೆ ಏಳು, ಏಳೂವರೆಗೇ ಶುರು. ಹಿರಿಯರಿಗೆ ಇದರಿಂದ ಬೇಜಾರು, ತೂಕಡಿಸಲಿಕ್ಕೆ ಆಗುವುದಿಲ್ಲ ಅಂತ. ಹೊಸ ಹುಡುಗಿಗೆ ರೇಷ್ಮೆ ಸೀರೆ. ಬೆಂಗಳೂರಿನಲ್ಲಿ ಕುರ್ತಾ ಜೀನ್ಸ್‌ನಲ್ಲಿ ಬೈಕ್ ಓಡಿಸುವವಳಿಗೆ ಪಿನ್ನು ಹಾಕಲಿಕ್ಕೆ ಇಬ್ಬರು ನಾದಿನಿಯರು, ಒಬ್ಬ ಚಿಕ್ಕಮ್ಮ, ಮತ್ತು (ಸುಳ್ಳು ಯಾಕೆ) ಪಕ್ಕದ ಮನೆಯ ನಾನು. ಎಷ್ಟು ಪಿನ್ನು ಅಂತ ಕೇಳಬೇಡಿ. ಏರ್‌ಪೋರ್ಟಿನಲ್ಲಿ ಬಿಡುತ್ತಿರಲಿಲ್ಲ.

ಚರ್ಚಿಗೆ ಹೋದ ಮೇಲೆ ನಿಮಗೆ ಅರ್ಥ ಆಗ್ತದೆ, ಜನ ಗೋದಲಿ ನೋಡಲಿಕ್ಕೆ ಮಾತ್ರ ಬಂದಿಲ್ಲ. ನಿಮ್ಮನ್ನೂ ನೋಡಲಿಕ್ಕೆ ಬಂದಿದ್ದಾರೆ. ಸೀರೆ ನೋಡ್ತಾರೆ, ಕರಿಮಣಿ ನೋಡ್ತಾರೆ, ಕೊಂಕಣಿಯ ಪ್ರಾರ್ಥನೆಗೆ ನಿಮ್ಮ ತುಟಿ ಸರಿಯಾಗಿ ಆಡುತ್ತದಾ ಅಂತ ನೋಡ್ತಾರೆ. ಗೊತ್ತಿಲ್ಲದ ಕಡೆ ‘ಆಮೆನ್’ ಮಾತ್ರ ಗಟ್ಟಿಯಾಗಿ ಹೇಳಿ. ಎಲ್ಲ ಭಾಷೆಯಲ್ಲೂ ನಡೀತದೆ.

ಪೂಜೆ ಮುಗಿದು ಅಂಗಳದಲ್ಲಿ ಕೇಕು, ಕಾಫಿ. ಅಲ್ಲಿ ಕಾದಿರ್ತಾರೆ ದೂರದ ಅತ್ತೆಯೊಬ್ಬರು. ಕೈ ಕುಲುಕಿ, ಹ್ಯಾಪಿ ಕ್ರಿಸ್ಮಸ್ ಹೇಳಿ, ಸ್ವರ ತಗ್ಗಿಸಿ, ‘ಮತ್ತೆ, ಏನಾದ್ರೂ ವಿಶೇಷ ಉಂಟಾ?’ ಸ್ಥಳ ನೋಡಿ, ಗೋದಲಿಯ ಎದುರು! ತೊಟ್ಟಿಲ ಮಗುವನ್ನು ಪಕ್ಕದಲ್ಲಿಟ್ಟುಕೊಂಡು ಕೇಳುವ ಪ್ರಶ್ನೆಯಾ ಅದು? ಮದುವೆಯಾಗಿ ಮೂರು ವಾರವಾದವರನ್ನೂ ಬಿಡುವುದಿಲ್ಲ. ‘ವಿಶೇಷ ಉಂಟು ಆಂಟಿ, ಕೇಕು ಚೆನ್ನಾಗುಂಟು’ ಅಂತ ಹೇಳಿ ಜಾರಿಕೊಳ್ಳಿ.

ಈ ಪ್ರಶ್ನೆ ಕೇಳುವವರು ನೀವೂ ಹೌದು, ಗೊತ್ತುಂಟು ನನಗೆ. ಓದುತ್ತಾ ತಲೆಯಾಡಿಸಿದಿರಲ್ಲ? ಹೋದ ವಾರದ ಮದುವೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಯಾರನ್ನು ಏನು ಕೇಳಿದಿರಿ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಕೇಳಿಸಿಕೊಂಡಾಗ ಮೈ ಉರಿಯುವ ಪ್ರಶ್ನೆಯನ್ನೇ ವರ್ಷ ಕಳೆಯುವುದರೊಳಗೆ ನಾವೂ ಕೇಳಲಿಕ್ಕೆ ಶುರು ಮಾಡ್ತೇವೆ. ಮಗ್ಗಿ ಮರೆತು ಹೋಗ್ತದೆ, ಇದು ಮರೆಯುವುದಿಲ್ಲ.

25ರ ಊಟ. ಶೇಂದಿ ಹಾಕಿ ಉಬ್ಬಿಸಿದ ಸಾನ್ನ, ಬಾಫಾತ್ ಪುಡಿಯ ದುಕ್ರಾಮಾಸ್ ಅಂದರೆ ಹಂದಿ ಮಾಂಸ, ಕೋಳಿ ಗಸಿ. (ಪಕ್ಕದ ಮನೆಗೆ ಸಾನ್ನ ಮಾತ್ರ ಬರ್ತದೆ. ಉಳಿದದ್ದರ ಪರಿಮಳ ಬೇಲಿ ದಾಟಿ ತಾನೇ ಬರ್ತದೆ.) ಹುಡುಗಿಯ ತವರಲ್ಲಿ ಕ್ರಿಸ್ಮಸ್ ಅಂದರೆ ಮಟನ್ ಬಿರಿಯಾನಿ. ಮಧ್ಯಾಹ್ನ ಅಲ್ಲಿಂದ ವಿಡಿಯೋ ಕಾಲ್: ‘ಊಟ ಏನಮ್ಮಾ?’ ಅವಳು ಬೆರಳು ನೆಕ್ಕುತ್ತಾ, ಸ್ವರ ಸಣ್ಣ ಮಾಡಿ, ‘ಪರವಾಗಿಲ್ಲ ಮಮ್ಮಿ, ನಿನ್ನ ಬಿರಿಯಾನಿ ಹಾಗೆ ಎಲ್ಲಿ ಬರುತ್ತೆ’ ಅಂತಾಳೆ. ಎಂಥ ನಟನೆ! ಮೂರನೇ ಸಲ ಸಾನ್ನ ಹಾಕಿಸಿಕೊಂಡದ್ದು ಕ್ಯಾಮೆರಾದಲ್ಲಿ ಕಾಣದ ಹಾಗೆ ಫೋನು ಮೇಲೆತ್ತಿ ಹಿಡಿದಿದ್ದಾಳೆ.

ಹುಡುಗ ಬಚಾವ್ ಅಂದುಕೊಂಡಿದ್ದಾನೆ. ತಮ್ಮಾ, 30ಕ್ಕೆ ನೀನು ಫ್ರೇಜರ್ ಟೌನಿನಲ್ಲಿ ಇರ್ತೀಯ. ಅಲ್ಲಿ ನಿನ್ನತ್ತೆ ಕಲ್‌ಕಲ್ ತಟ್ಟೆ ತಂದು ಎದುರಿಗೆ ಇಟ್ಟು, ‘ನಿಮ್ಮ ಕಡೆಯದ್ದು ಚೆನ್ನಾಗಿರುತ್ತಾ, ಇದು ಚೆನ್ನಾಗಿದೆಯಾ?’ ಅಂತ ಕೇಳ್ತಾರೆ. ಎಡಕ್ಕೆ ಹೆಂಡತಿ, ಎದುರಿಗೆ ಅತ್ತೆ, ಫೋನಿನಲ್ಲಿ ಲೈನಿನಲ್ಲೇ ಇರುವ ನಿನ್ನಮ್ಮ. ಬಾಯಿ ತುಂಬ ಒಂದೇ ಸಲ ನಾಲ್ಕು ಕಲ್‌ಕಲ್ ಹಾಕಿಕೋ. ತುಂಬಿದ ಬಾಯಿಯಲ್ಲಿ ತಲೆಯಾಡಿಸಿದ್ದು ಯಾವ ಅಡುಗೆಮನೆಗೆ ಅಂತ ಯಾರೂ ಸಾಬೀತು ಮಾಡಲಿಕ್ಕೆ ಆಗುವುದಿಲ್ಲ.

ನಮ್ಮ ತಟ್ಟೆ ಬಂತಾ ಅಂತ ಕೇಳಲಿಲ್ಲ ನೀವು. ಬಂತು. 25ರ ಬೆಳಿಗ್ಗೆಯೇ, ಹೊಸ ಸೊಸೆಯೇ ತಂದಳು. ನೆವ್ರಿ ಹೋದ ವರ್ಷಕ್ಕಿಂತ ಎರಡು ಹೆಚ್ಚು. ಕುಕ್ಕಿಸಾಂ ಒಂದರ ದಳದಲ್ಲಿ ಚಾಕುವಿನ ಗುರುತು ಇತ್ತು, ಮಗನ ಕೈ ಅಂತ ಗೊತ್ತಾಯ್ತು. ಕೇಕು ಸ್ವಲ್ಪ ಕಹಿ, ಆದರೆ ಸುಮ್ಮನೆ ಕೂರುವ ಕಹಿ ಅಲ್ಲ, ಇನ್ನೊಂದು ತುಂಡು ಕೇಳುವ ಕಹಿ. ಕಿಡಿಯೊದಲ್ಲಿ ಎರಡು ಬಗೆ ಇತ್ತು ನೋಡಿ. ಅರ್ಧ ದಪ್ಪಗೆ, ಪಾಕ ಬೆಳ್ಳಗೆ ಅಂಟಿದ್ದು. ಇನ್ನರ್ಧ ಸಣ್ಣಗೆ, ತೆಳು ಪಾಕದ್ದು. ಒಂದೇ ತಟ್ಟೆಯಲ್ಲಿ, ನಡುವೆ ಗೋಡೆಯಿಲ್ಲದೆ.

ತಟ್ಟೆಯನ್ನು ನಾವು ಖಾಲಿ ಕೊಡುವವರಲ್ಲ. ತೊಳೆದು, ಒಂದು ಹಿಡಿ ಸಕ್ಕರೆ ಹಾಕಿ, ಸಂಜೆ ತೆಗೆದುಕೊಂಡು ಹೋದೆ. ಅತ್ತೆ ಬಾಗಿಲಲ್ಲೇ ಹಿಡಿದು, ಸೊಸೆಗೆ ಕೇಳದ ಹಾಗೆ, ‘ಯಾವ ಕಿಡಿಯೊ ಚೆನ್ನಾಗಿತ್ತು?’ ಅಂದರು. ನಾನು ಹಿಂದಿರುಗುವಾಗ ಗೇಟಿನ ಹತ್ತಿರ ಸೊಸೆ, ಅತ್ತೆಗೆ ಕೇಳದ ಹಾಗೆ, ಅದನ್ನೇ ಕೇಳಿದಳು. ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ: ‘ನಿಮ್ಮದೇ.’ ನಿಮಗೂ ಬೇರೆ ಏನನ್ನೂ ಹೇಳುವುದಿಲ್ಲ, ಒತ್ತಾಯ ಮಾಡಬೇಡಿ.

ನಿಮ್ಮ ನಕ್ಷತ್ರ, ಗೋದಲಿ ಎಲ್ಲ ಜನವರಿ 6ರ ಮೂರು ರಾಯರ ಹಬ್ಬದವರೆಗೆ ಇರಲಿ, ಪರವಾಗಿಲ್ಲ. ಆದರೆ ಹೊಸ ಜೋಡಿ ಅನ್ನುವ ಮರ್ಯಾದೆ ಅಷ್ಟು ದಿನ ಇರುವುದಿಲ್ಲ, ಈಗಲೇ ಹೇಳಿಬಿಡ್ತೇನೆ. 26ರ ಬೆಳಿಗ್ಗೆ ಬ್ಯಾಂಡು ಶುರುವಾಯ್ತೋ, ಚರ್ಚಿನ ಮುಂದಿನ ಸಾಲಿಗೆ ಬೇರೆಯೇ ಹೊಕಾಲ್, ಅಂದರೆ ಮದುಮಗಳು, ಬರ್ತಾಳೆ. ಜನರ ಕಣ್ಣೆಲ್ಲ ಅವಳ ಸೀರೆಯ ಮೇಲೆ. ನಿಮ್ಮನ್ನು ನಾಲ್ಕನೇ ಸಾಲಿಗೆ ತಳ್ಳಿ, ಯಾರದ್ದೋ ಅಳುವ ಮಗುವನ್ನು ಕೈಗೆ ಕೊಟ್ಟು, ‘ಸ್ವಲ್ಪ ಹಿಡ್ಕೊಳ್ಳಿ, ಬಂದೆ’ ಅಂತ ಹೋಗ್ತಾರೆ. ಹಾಗಾಗಿ ಆ ರೇಷ್ಮೆ ಸೀರೆಯ ಫೋಟೋ ಎಷ್ಟು ಬೇಕಾದರೂ 25ರ ಒಳಗೇ ತೆಗೆದುಕೊಳ್ಳಿ.